ಸಹಾಯ ಬೇಕು: ‘ಡಯಾಗನಲಿ’ ಪದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ಹೊಲಿಗೆ ತರಗತಿ ನಡೆಸುತ್ತೇನೆ. ಇಂಗ್ಲಿಷ್ ಕೈಪಿಡಿಯೊಂದನ್ನು ವಿದ್ಯಾರ್ಥಿನಿಯರಿಗಾಗಿ ಕನ್ನಡಕ್ಕೆ ತರುತ್ತಿದ್ದು, ‘ಡಯಾಗನಲಿ’ ಎಂಬಲ್ಲಿ ತಡವರಿಸುತ್ತಿದ್ದೇನೆ. ಚೌಕ ಬಟ್ಟೆಯನ್ನು ಹಾಗೆ ಮಡಿಸಿ ಎಂದರೆ ಮೂಲೆಗೆ ಎದುರುಮೂಲೆ ಕೂಡಿ ತ್ರಿಕೋನವಾಗಬೇಕು, ಅದು ಸ್ಪಷ್ಟ. ಕುತ್ತಿಗೆ ಪಟ್ಟಿಗೆ ಹಾಗೆ ಕತ್ತರಿಸಿ ಎಂದಾಗ ಮಾತ್ರ ಮೂಲೆಯ ಪ್ರಶ್ನೆಯೇ ಇಲ್ಲ, ಹಾಸುಹೊಕ್ಕಿನ ಎಳೆಗಳಿಗೆ 45 ಡಿಗ್ರಿ ಓರೆ ಹಿಡಿಯಬೇಕು. ಆಗಲೇ ಪಟ್ಟಿ ಹಿಗ್ಗಿ, ಸುಕ್ಕಿಲ್ಲದೆ ತಿರುವಿಗೆ ಕೂರುತ್ತದೆ.

ಬರೀ ‘ಓರೆಯಾಗಿ’ ಎಂದರೆ ಹೊಸಬರು ಕಣ್ಣಳತೆಯಲ್ಲೇ ಕತ್ತರಿ ಆಡಿಸಿಬಿಡುತ್ತಾರೆ, ಬಟ್ಟೆ ಹಾಳು. ‘ಕರ್ಣದ ನೇರಕ್ಕೆ’ ಎಂದರೆ ಶಾಲೆಯ ಗಣಿತ ಮರೆತ ಗೃಹಿಣಿಯರಿಗೆ ಅರ್ಥವಾಗುವುದೇ? ಎರಡೂ ಕಡೆ ಬೇರೆ ಬೇರೆ ಪದ ಬಳಸಲೇ? ದರ್ಜಿಗಳು, ಇಂಗ್ಲಿಷ್ ಮೇಷ್ಟ್ರುಗಳು ದಯವಿಟ್ಟು ತಿಳಿಸಿ. ಸೋಮವಾರ ಜೆರಾಕ್ಸ್‌ಗೆ ಕೊಡಬೇಕಿದೆ.