ಬಿಲ್ಲಿನ ಹೆದೆಗೆ ಕಟ್ಟುವ ‘ಸೈಲೆನ್ಸರ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ಬಿಲ್ಲು ಕಲಿಯುವ ಹುಡುಗರಿಗಾಗಿ ಎಂಟು ಪುಟದ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಹಳೇ ಬಗೆಯ ಮರದ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವಂಥದ್ದು. ಹೆದೆ, ಹಿಡಿ, ಗುರಿ ಎಲ್ಲಕ್ಕೂ ಪದ ಸಿಕ್ಕಿತು. ‘ಸ್ಟ್ರಿಂಗ್ ಸೈಲೆನ್ಸರ್’ ಹತ್ತಿರ ಬಂದು ನಿಂತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು.

ಬಾಣ ಹೋದ ಮೇಲೂ ಹೆದೆ ನಡುಗುತ್ತಲೇ ಇರುತ್ತದೆ. ರಿಕರ್ವಿನಲ್ಲಿ ಅದು ಬಾಗಿದ ತುದಿಗಳಿಗೂ ಬಡಿಯುತ್ತದೆ. ಈ ಸದ್ದು ತಗ್ಗಿಸಲು ಹೆದೆಯ ಎರಡೂ ತುದಿಯಿಂದ ಸುಮಾರು ಕಾಲು ಭಾಗ ಒಳಗೆ ಮೆತ್ತನೆಯದು ಏನಾದರೂ ಸಿಕ್ಕಿಸುತ್ತಾರೆ. ರಬ್ಬರ್ ಎಳೆಗಳು, ಉಣ್ಣೆ ನೂಲಿನ ಉಂಡೆ, ಇಲ್ಲವೇ ಬೀವರ್ ತುಪ್ಪಳದ ಪಟ್ಟಿ. ರಬ್ಬರ್ ಬಿಸಿಲಿಗೆ ಬಿರಿಯುತ್ತದೆ. ಉಣ್ಣೆ ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತದೆ, ಭಾರ ಜಾಸ್ತಿಯಾದರೆ ಬಾಣದ ವೇಗ ಇಳಿಯುತ್ತದೆ. ತುಪ್ಪಳ ನೀರು ಹಿಡಿಯುವುದು ಕಡಿಮೆ, ಆದರೆ ಬೀವರ್ ನಮ್ಮ ನಾಡಿನ ಪ್ರಾಣಿಯಲ್ಲ.

‘ಸೈಲೆನ್ಸರ್’ ಅಂತಲೇ ಬರೆದು ಒಬ್ಬ ಹುಡುಗನಿಗೆ ಓದಿಸಿದೆ. “ಬೈಕಿನ ಹಾಂಗ ಬಿಲ್ಲಿಗೂ ಸೈಲೆನ್ಸರ್ ಇರತೈತೇನ್ರಿ ಸರ?” ಅಂದ. ಅವನ ತಲೆಯಲ್ಲಿ ಬಂದದ್ದು ಹೊಗೆ ಕೊಳವೆ. ಹಾಗಾಗಿ ಅದು ಬೇಡ.

ಬೆಳಗಾವಿಯಿಂದ:

‘ಟಂಕಾರ ಶಾಮಕ’. ಗಾಂಡೀವದ ಟಂಕಾರ ಕೇಳದ ಕನ್ನಡಿಗ ಯಾರಿದ್ದಾರೆ? ಶಾಮಕ ‘ಅಗ್ನಿಶಾಮಕ’ದಲ್ಲಿ ಆಗಲೇ ಬಳಕೆಯಲ್ಲಿದೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಇನ್ನೊಂದು ಮಾತು. 1972ರ ವನ್ಯಜೀವಿ ಕಾಯ್ದೆಯಂತೆ ಈಗ ಬೇಟೆಯ ಮಾತೇ ಇಲ್ಲ. ಹಲಗೆಗೆ ಗುರಿ ಇಡುವವರು ಸದ್ದು ಯಾಕೆ ತಗ್ಗಿಸಬೇಕು?

ಜಮಖಂಡಿಯಿಂದ:

ಶಾಮಕ ಬೋರ್ಡಿನ ಮೇಲಿದೆ, ಬಾಯಲ್ಲಿಲ್ಲ. ಬೇಡ.

ಹಳಗನ್ನಡದಲ್ಲಿ ‘ಜೇವೊಡೆ’ ಇದೆ. ಹೆದೆ ಮೀಟಿ ಸದ್ದೆಬ್ಬಿಸುವುದು ಅಂತಲೇ ಅದರ ಅರ್ಥ. ಅದಕ್ಕೆ ‘ತಡೆ’ ಸೇರಿಸಿ: ಜೇವೊಡೆತಡೆ. 13ನೇ ಶತಮಾನದಲ್ಲೇ ಆಂಡಯ್ಯ ತತ್ಸಮಗಳನ್ನು ದೂರವಿಟ್ಟು ಇಡೀ ಕಾವ್ಯ ಬರೆದ. ಅದೂ ಕಾಮನ ಕಥೆ. ಕಬ್ಬೇ ಬಿಲ್ಲು, ದುಂಬಿಗಳ ಸಾಲೇ ಹೆದೆ ಆಗಿರುವವನ ಕಥೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ ಊರುಗಳಲ್ಲಿ ಕಿಸುವೊಳಲು ನಮ್ಮ ಪಟ್ಟದಕಲ್ಲು, ಒಂಕುಂದ ಬೆಳಗಾವಿ ಜಿಲ್ಲೆಯದು. ಅಂಥ ನೆಲದಲ್ಲಿ ಕೂತು ಒಂದು ದಾರದ ತುಂಡಿಗೆ ಸಂಸ್ಕೃತದ ಹತ್ತಿರ ಕೈ ಚಾಚಬೇಕಾ?

ಬಸವನ ಬಾಗೇವಾಡಿಯಿಂದ:

ಜೇವೊಡೆಯ ‘ಜೇ’ ಸಂಸ್ಕೃತದ ‘ಜ್ಯಾ’ದ ತದ್ಭವ. ಅಚ್ಚಗನ್ನಡ ಬೇಕೆನ್ನುವವರು ಅದನ್ನು ಮೊದಲು ನೋಡಬೇಕಿತ್ತು. ಕನ್ನಡದ ಮಾತು ‘ಹೆದೆ’. ಪಾಲು ಹಾಲಾದ ಹಾಗೆ ಪೆದೆ ಹೆದೆಯಾಗಿದೆ. ಅದು ಇನ್ನೂ ಜೀವಂತ ಇದೆ. ಅದನ್ನು ಬಿಟ್ಟು ಗೋರಿಯಿಂದ ಪದ ಎಬ್ಬಿಸುವುದು ಯಾಕೆ?

ನಾನು ಹೇಳುವುದು ಬೇರೆ. ಕೇಳಿದವರು ‘ಉಣ್ಣೆ ನೂಲಿನ ಉಂಡೆ’ ಅಂತ ಬರೆದಿದ್ದಾರೆ. ಅದಕ್ಕೆ ನಮ್ಮಲ್ಲಿ ಹೆಸರಿದೆಯಲ್ಲ! ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಏನು ಕಟ್ಟುತ್ತೇವೆ? ಗೊಂಡೆ. ನಮ್ಮ ಮನೆಯಲ್ಲಿ ಅಪ್ಪ ನಾಲ್ಕು ಬೆರಳಿಗೆ ಕೆಂಪು ಉಣ್ಣೆ ಸುತ್ತುತ್ತಿದ್ದರು. ಮೂವತ್ತು ನಲವತ್ತು ಸುತ್ತು. ಬೆರಳಿಂದ ಮೆಲ್ಲಗೆ ಜಾರಿಸಿ ನಡುವೆ ಬಿಗಿಯಾಗಿ ಕಟ್ಟುವರು. ಆಮೇಲೆ ಎರಡೂ ಕಡೆಯ ಕುಣಿಕೆ ಕತ್ತರಿಸಿ, ಅಂಗೈ ಮೇಲೆ ಉರುಳಿಸುತ್ತ ದುಂಡಗೆ ಸವರುವರು. ನಿಂಬೆಹಣ್ಣಿನಷ್ಟು ಆಗುತ್ತಿತ್ತು. ಬಿಲ್ಲಿಗೂ ಹೀಗೇ ಅಲ್ವಾ? ಹೆದೆಯ ಎಳೆಗಳನ್ನು ಬಿಡಿಸಿ ನಡುವೆ ತೂರಿಸುವುದೊಂದೇ ಹೆಚ್ಚು. ‘ಹೆದೆಗೊಂಡೆ’ ಅನ್ನಿ. ಯಾವ ಹುಡುಗನೂ ತಿರುಗಿ ಕೇಳುವುದಿಲ್ಲ.

ಜಮಖಂಡಿಯಿಂದ:

ಆಂಡಯ್ಯ ಬಿಟ್ಟದ್ದು ತತ್ಸಮವನ್ನು, ತದ್ಭವವನ್ನಲ್ಲ. ತದ್ಭವ ಕನ್ನಡದ ಬಾಯಲ್ಲಿ ತಿರುಗಿ ಕನ್ನಡವೇ ಆದ ಮಾತು. ಅದನ್ನು ಬಿಟ್ಟರೆ ನಮ್ಮ ಬಾಯಲ್ಲಿ ಅರ್ಧ ಮಾತೂ ಉಳಿಯುವುದಿಲ್ಲ.

ಬೆಳಗಾವಿಯಿಂದ:

ಗೊಂಡೆ ಅಂದರೆ ಮರಾಠಿಯ ಗೋಂಡಾ. ಸಂಸ್ಕೃತ ಬೇಡ, ಮರಾಠಿ ನಡೆಯುತ್ತದೆ! ಇದು ಯಾವ ನ್ಯಾಯ?

ಬಸವನ ಬಾಗೇವಾಡಿಯಿಂದ:

ತಪ್ಪು. ತಮಿಳಿನಲ್ಲಿ ಕೂದಲ ಮುಡಿಗೆ ‘ಕೊಂಡೈ’ ಅನ್ನುತ್ತಾರೆ. ತಮಿಳರಿಗೆ ಅದನ್ನು ಮರಾಠಿ ಕೊಟ್ಟಿತೇ? ಇದು ದ್ರಾವಿಡ ಮಾತು, ಮರಾಠಿಗೆ ನಮ್ಮ ಕಡೆಯಿಂದಲೇ ಹೋಗಿದೆ. ಹೋದರೆ ಹೋಗಲಿ. ಗಡಿಯಲ್ಲಿ ನೂರಾರು ವರ್ಷ ಒಂದೇ ಸಂತೆಯಲ್ಲಿ ಎತ್ತು ಕೊಂಡವರ ಮಾತು ಬೆರೆಯದೆ ಇರುತ್ತದೆಯೇ? ಅತ್ತಲಿನ ಪದ ಇತ್ತ ಬಂದರೂ ನನಗೆ ಬೇಸರವಿಲ್ಲ, ರೈತ ಬಳಸಿದರೆ ಸಾಕು. ಯಾರೂ ಬಳಸದ ಪದವನ್ನು ಮೇಲಿಂದ ಹೇರುವುದಕ್ಕೆ ನನ್ನ ವಿರೋಧ, ಅದು ಸಂಸ್ಕೃತವಿರಲಿ, ಹಳಗನ್ನಡವಿರಲಿ.

ಬಾಗಲಕೋಟೆಯಿಂದ:

ಎಲ್ಲರಿಗೂ ಧನ್ಯವಾದ. ಗೊಂಡೆ ಓದಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಒಂದು ತೊಡಕಿತ್ತು. ರಬ್ಬರ್ ಎಳೆಯನ್ನೂ ತುಪ್ಪಳದ ಪಟ್ಟಿಯನ್ನೂ ಗೊಂಡೆ ಅನ್ನಲು ಬರುವುದಿಲ್ಲ. ಪಟ್ಟಿಯನ್ನು ಹೆದೆಗೆ ಸುತ್ತುತ್ತಾರೆ, ಅದು ಉಂಡೆಯಾಗುವುದೇ ಇಲ್ಲ. ಹಾಗಾಗಿ ಮೂರಕ್ಕೂ ಸೇರಿ ‘ಸಪ್ಪಳತಡೆ’ ಅಂತ ಇಟ್ಟೆ. ಸದ್ದು ಪುಸ್ತಕದ ಮಾತು, ನಮ್ಮ ಹುಡುಗರದು ಸಪ್ಪಳವೇ. ಉಣ್ಣೆಯದಕ್ಕೆ ಮಾತ್ರ ‘ಹೆದೆಗೊಂಡೆ’.

ಸದ್ದು ಯಾಕೆ ತಗ್ಗಿಸಬೇಕು ಅಂತ ಕೇಳಿದ್ದೀರಿ. ಸಾಲಾಗಿ ಹತ್ತು ಹುಡುಗರು ನಿಂತಾಗ ಪಕ್ಕದವನ ಹೆದೆ ಕಿವಿಯ ಹತ್ತಿರವೇ ಟಪ್ ಅನ್ನುತ್ತದೆ. ಹೊಸಬರು ಬೆಚ್ಚಿ ಕೈ ಅಲುಗಿಸುತ್ತಾರೆ. ಇದನ್ನು ದಿನಾ ನೋಡುತ್ತೇನೆ. ಸುಮ್ನೆ ಹೇಳುವ ಮಾತಲ್ಲ.

ಪ್ರಿಂಟಿಗೆ ಹೋದ ಸಾಲುಗಳು ಹೀಗಿವೆ: “ಸಪ್ಪಳ ಜಾಸ್ತಿ ಬಂದರೆ ಮೊದಲು ಹೆದೆಗೂ ಹಿಡಿಗೂ ನಡುವಿನ ಅಂತರ ಸರಿಮಾಡಿ. ಹೆದೆಯನ್ನೇ ಇನ್ನೂ ಕೆಲವು ಸುತ್ತು ಹುರಿಗೊಳಿಸಿದರೆ ಅಂತರ ಹೆಚ್ಚುತ್ತದೆ. ಆಮೇಲೂ ಸಪ್ಪಳ ಉಳಿದರೆ ಸಪ್ಪಳತಡೆ ಹಾಕಿ. ಹೆದೆಗೊಂಡೆ ಕಟ್ಟುವುದಾದರೆ ಎರಡೂ ಒಂದೇ ತೂಕದವು ಇರಲಿ. ಮಳೆಯಲ್ಲಿ ನೆನೆದರೆ ಹಿಂಡಿ ಒಣಗಿಸಿ.”

‘ರಿಕರ್ವ್’ ಸದ್ಯಕ್ಕೆ ಹಾಗೇ ಇದೆ. ಅದಕ್ಕೆ ಬೇರೆ ಓಲೆ ಹಾಕುತ್ತೇನೆ.