‘ಗ್ರಾಹಕ’ ಬೇಡ, ‘ಕಿವಿ’ ಆಗಬಹುದೇ? ಟ್ರಾನ್ಸೀವರ್‌ಗೆ ಕನ್ನಡ ಪದ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಇಂಟರ್ನೆಟ್ ಸಂಪರ್ಕ ಕೊಡುವ ಕೆಲಸದಲ್ಲಿದ್ದೇನೆ. ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸುವ ಎಸ್‌ಎಫ್‌ಪಿ ಮಾಡ್ಯೂಲನ್ನು ಆರಿಸುವುದು ಹೇಗೆ ಎಂದು ಹೊಸ ಹುಡುಗರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ, ನಿಮ್ಮ ನೆರವು ಬೇಕು.

ಈ ಮಾಡ್ಯೂಲ್ ಎಂದರೆ ಬೆರಳಿನಷ್ಟುದ್ದದ ಲೋಹದ ತುಂಡು, ಮುಂದುಗಡೆ ಎರಡು ತೂತು. ಒಂದರಿಂದ ಲೇಸರ್ ಬೆಳಕು ಫೈಬರ್ ಎಂಬ ಗಾಜಿನ ಎಳೆಯ ಮೂಲಕ ಹೊರಗೆ ಹೋಗುತ್ತದೆ, ಇನ್ನೊಂದರೊಳಗೆ ಆಚೆ ತುದಿಯ ಬೆಳಕು ಬರುತ್ತದೆ. ಇಂಗ್ಲಿಷಿನವರು ಟ್ರಾನ್ಸ್‌ಮಿಟರ್, ರಿಸೀವರ್ ಎರಡನ್ನೂ ಬೆಸೆದು ಟ್ರಾನ್ಸೀವರ್ ಅಂದರು. ನಾನು ಅವಕ್ಕೆ ಪ್ರೇಷಕ, ಗ್ರಾಹಕ ಎಂದು ಬರೆದೆ.

ಮೊದಲ ಕರಡಿನಲ್ಲಿದ್ದ ವಾಕ್ಯ ಇದು: ‘ಗ್ರಾಹಕದ ಕಡೆ ಬೆಳಕು ಕಡಿಮೆ ಇದ್ದರೆ ಮೊದಲು ಫೈಬರ್ ತುದಿ ಒರೆಸಿ.’ ಒಂದು ದಿನ ನಮ್ಮ ಸ್ವಿಚ್ಚಿನಲ್ಲಿ ಒಳಬರುವ ಬೆಳಕು ಮೈನಸ್ 26 ಡಿಬಿಎಂಗೆ (ಡಿಬಿಎಂ ಎಂದರೆ ಬೆಳಕಿನ ಬಲ ಅಳೆಯುವ ಮಾನ) ಇಳಿದಿತ್ತು. 10 ಕಿ.ಮೀ. ದೂರಕ್ಕೆಂದು ಮಾಡಿದ ಆ ಬಗೆಯ ಮಾಡ್ಯೂಲಿಗೆ ಮೈನಸ್ 20ರ ಆಸುಪಾಸಿಗಿಂತ ಕೆಳಗಾದರೆ ಕೆಲಸ ನಡೆಯದು. ಹುಡುಗ ಕರಡು ಓದಿಕೊಂಡು, ಬೈಕ್ ಹತ್ತಿ ಗ್ರಾಹಕರ ಅಕ್ಕಿ ಗಿರಣಿಗೇ ಹೋದ. ಅಲ್ಲಿನ ತುದಿಯನ್ನು ಎರಡೆರಡು ಸಲ ಒರೆಸಿದ. ಧೂಳು ಕೂತಿದ್ದದ್ದು ಸ್ವಿಚ್ಚಿರುವ ನಮ್ಮ ರ‍್ಯಾಕಿನ ತುದಿಯಲ್ಲಿ. ಅರ್ಧ ದಿನ ಹೋಯಿತು. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಬ್ಯಾಂಕು, ಗ್ಯಾಸು, ಕರೆಂಟು ಬಿಲ್ಲು ಎಲ್ಲ ಕಡೆಯೂ ಗ್ರಾಹಕ ಎಂದರೆ ಗಿರಾಕಿಯೇ. ‘ಗ್ರಾಹಕದ’, ‘ಗ್ರಾಹಕರ’ ನಡುವೆ ಇರುವುದು ಒಂದಕ್ಷರದ ಅಂತರ.

‘ಅಭಿಗ್ರಾಹಕ’ ಎಂದರೆ ಈ ಗೊಂದಲ ತಪ್ಪುತ್ತದೆ. ಆದರೆ ಟಾರ್ಚ್ ಹಿಡಿದು ರ‍್ಯಾಕ್ ಮುಂದೆ ಕೂತವನ ನಾಲಿಗೆಗೆ ಅದು ಹೊರಳುವುದಿಲ್ಲ.

ನಮ್ಮಲ್ಲಿ ಫೈಬರ್ ಬೆಸೆಯುವ ಹಿರಿಯರೊಬ್ಬರು ಹುಡುಗರಿಗೆ ಹೇಳಿಕೊಡುವುದು ಹೀಗೆ: “ಇದು ಬಾಯಿ, ಇದು ಕಿವಿ. ಈ ಕಡೆ ಬಾಯಿ ಆ ಕಡೆ ಕಿವಿಗೆ ಬರಬೇಕು ನೋಡ್ರಪ್ಪ.” ಎರಡು ಎಳೆಗಳನ್ನು ಅದಲುಬದಲು ಮಾಡಿ ಸಿಕ್ಕಿಸಬೇಕು ಅನ್ನುವುದು ಅಷ್ಟರಲ್ಲೇ ತಿಳಿಯುತ್ತದೆ. 80 ಕಿ.ಮೀ. ಮಾಡ್ಯೂಲನ್ನು ಪಕ್ಕದ ಕಟ್ಟಡಕ್ಕೆ ಹಾಕಿದರೆ ಅತಿಯಾದ ಬೆಳಕಿಗೆ ರಿಸೀವರ್ ಸುಟ್ಟುಹೋಗಬಹುದು. ಅದಕ್ಕೂ ಅವರ ಮಾತು ಒಂದೇ: “ಪಕ್ಕದಲ್ಲಿ ಕೂತವನ ಕಿವೀಲಿ ಯಾರಾದ್ರೂ ಕೂಗ್ತಾರೇನು?” ನನ್ನ ಎರಡು ಪುಟದ ವಿವರಣೆಗಿಂತ ಇದು ಬೇಗ ನಾಟುತ್ತದೆ. ‘ಕಣ್ಣು’ ಎಂಬ ಪದವನ್ನೂ ಯೋಚಿಸಿದ್ದೆ. ಆದರೆ ಈ ಲೇಸರ್ ಬೆಳಕು ಕಣ್ಣಿಗೆ ಕಾಣದಂಥದ್ದು, ತೂತಿನೊಳಗೆ ಇಣುಕಿದರೆ ದೃಷ್ಟಿಗೇ ಅಪಾಯ. ಎಚ್ಚರಿಕೆಯ ಆ ಸಾಲಿನಲ್ಲಿ ಎರಡು ಬಗೆಯ ಕಣ್ಣು ಬರುವುದು ಬೇಡವೆಂದು ಬಿಟ್ಟೆ.

ತೊಡಕು ಬರುವುದು ಬೈಡೈ, ಅಂದರೆ ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಬೆಳಕು ಸಾಗಿಸುವ ಮಾಡ್ಯೂಲಿನಲ್ಲಿ. ಅದಕ್ಕೆ ತೂತು ಒಂದೇ, ಎಳೆಯೂ ಒಂದೇ. ಒಂದು ತುದಿ 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಪಡೆದರೆ ಇನ್ನೊಂದು ತುದಿ ಅದರ ತಿರುವುಮುರುವು. ಒಂದೇ ಬಗೆಯ ಎರಡನ್ನು ತಂದರೆ ಲಿಂಕ್ ಏಳುವುದೇ ಇಲ್ಲ. ಇಲ್ಲಿ ಬಾಯಿ ಯಾವುದು, ಕಿವಿ ಯಾವುದು? ‘1310ರ ಬಾಯಿ, 1550ರ ಕಿವಿ’ ಎಂದು ಬರೆದು ನೋಡಿದ್ದೇನೆ. ಓದುವವರಿಗೆ ಇದು ಸರಾಗವೇ?

ಇನ್ನೊಂದು ಸಣ್ಣ ವಿಷಯ. ಫೈಬರಿನ ಎರಡು ಬಗೆಗಳಾದ ಸಿಂಗಲ್ ಮೋಡ್, ಮಲ್ಟಿ ಮೋಡ್‌ಗೆ ‘ಏಕವಿಧಾನ, ಬಹುವಿಧಾನ’ ಎಂದು ಬರೆದದ್ದನ್ನು ಕಂಡಿದ್ದೇನೆ. ಇಲ್ಲಿ ಮೋಡ್ ಎಂದರೆ ಎಳೆಯೊಳಗೆ ಬೆಳಕು ಸಾಗುವ ಹಾದಿ, ವಿಧಾನ ಎಂದರೆ ಅರ್ಥ ಕೆಡುತ್ತದೆ. ‘ಒಂಟಿಹಾದಿ, ಹಲಹಾದಿ’ ಎಂದು ಬರೆಯುತ್ತಿದ್ದೇನೆ. ಹಲಹಾದಿಯಲ್ಲಿ 1 ಗಿಗಾಬಿಟ್ ವೇಗ ಸಾಮಾನ್ಯವಾಗಿ 550 ಮೀಟರ್‌ವರೆಗೆ ಹೋದೀತು. ಕಾಲೇಜಿನ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಸಾಕು, ಹರಿಹರದವರೆಗೆ ಎಳೆಯಬೇಕಾದರೆ ಒಂಟಿಹಾದಿಯೇ ಬೇಕು.

ಇಡೀ ಮಾಡ್ಯೂಲಿಗೆ ಎಸ್‌ಎಫ್‌ಪಿ ಎಂಬ ಹೆಸರೇ ಇರಲಿ. ಅಂಗಡಿಯಲ್ಲಿ ಕೇಳುವುದೂ ಹಾಗೆಯೇ. ಅಚ್ಚಾಗುವ ಕೈಪಿಡಿಯಲ್ಲಿ ಬಾಯಿ, ಕಿವಿ ಎಂದು ಬರೆದರೆ ಗಾಂಭೀರ್ಯ ಕಡಿಮೆಯಾಯಿತು ಅನ್ನಿಸುತ್ತದೆಯೇ? ಬೇರೆ ಊರುಗಳಲ್ಲಿ ಈ ಕೆಲಸದವರು ಏನನ್ನುತ್ತಾರೆ, ತಿಳಿದವರು ದಯವಿಟ್ಟು ಬರೆಯಿರಿ.