ಕನ್ನಡ ಓದಿ ಹೇಳಲು ಕಂಪ್ಯೂಟರಿಗೆ ಯಾವ ದನಿ ಹಾಕೋದು?

ಕಾರಂಜಿ22: ಅಪ್ಪನಿಗೆ ಈಗ ಸಣ್ಣ ಅಕ್ಷರ ಕಾಣಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿರುವ ಕನ್ನಡ ಕಥೆ, ಲೇಖನಗಳನ್ನು ಓದಿ ಹೇಳೋದಕ್ಕೆ ಏನು ಹಾಕಲಿ? ಈಸ್ಪೀಕ್ ಅನ್ನೋ ಓದಿ ಹೇಳುವ ತಂತ್ರಾಂಶ ಹಾಕಿ ನೋಡಿದೆ, ಡಬ್ಬದೊಳಗೆ ಕೂತು ಮಾತಾಡಿದ ಹಾಗಿದೆ.

ತುಂಗೆಯ ದಡ: ಈಸ್ಪೀಕ್ ಬಿಡಿ ಸಾರ್. ಎಡ್ಜ್ ಬ್ರೌಸರಿನಲ್ಲಿ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ. ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿ ಸಿಗುತ್ತವೆ. ಮನುಷ್ಯರೇ ಓದಿದ ಹಾಗಿರುತ್ತದೆ, ದುಡ್ಡೂ ಇಲ್ಲ.

ಕಿವಿಯೇ ಕಣ್ಣು: ಸುಮ್ನೆ ಬಿಡಿ ಅಂದ್ರೆ ಹೇಗೆ? ನನಗೆ ಕಣ್ಣು ಕಾಣಿಸುವುದಿಲ್ಲ, ಆಫೀಸಿನ ಕೆಲಸವೆಲ್ಲ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಜೊತೆ ಬರುವ ಈಸ್ಪೀಕ್‌ನಲ್ಲೇ ನಡೆಯೋದು. ಅದು ದನಿಯನ್ನು ಬಹುಪಾಲು ಲೆಕ್ಕ ಹಾಕಿಯೇ ಹುಟ್ಟಿಸುತ್ತದೆ, ಹಾಗಾಗಿ ಗಾತ್ರ ಚಿಕ್ಕದು, ನೆಟ್ ಬೇಡ, ಕೀ ಒತ್ತಿದ ತಕ್ಷಣ ಮಾತು ಬರುತ್ತದೆ. ನಿಮ್ಮ ಸಪ್ನಾ ನೆಟ್ ಹೋದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ನಾನು ಕೇಳುವ ವೇಗಕ್ಕೆ ಇಟ್ಟರೆ ನಿಮಗೆ ಒಂದು ಪದವೂ ಹತ್ತುವುದಿಲ್ಲ, ಆದರೆ ನನಗೆ ಒತ್ತಕ್ಷರ ಕೂಡ ಬಿಡಿಬಿಡಿಯಾಗಿ ಕೇಳಿಸುತ್ತದೆ.

ತುಂಗೆಯ ದಡ: ನಿಮ್ಮ ಕೆಲಸಕ್ಕೆ ಸರಿ, ಒಪ್ಪಿದೆ. ಅವರ ಅಪ್ಪ ಊಟ ಮಾಡಿ ಆರಾಮಾಗಿ ಕಥೆ ಕೇಳೋರು, ಅವರಿಗೆ ವೇಗ ಯಾಕೆ? ಈಸ್ಪೀಕ್‌ನಲ್ಲಿ ಅರ್ಧ ಗಂಟೆ ಕಥೆ ಕೇಳಿದರೆ ನನಗಂತೂ ತಲೆನೋವು ಬರುತ್ತೆ.

ಕಾರಂಜಿ22: ಎಡ್ಜ್ ಹಾಕಿದೆ. ವೆಬ್‌ಸೈಟ್ ಚೆನ್ನಾಗಿ ಓದುತ್ತಿದೆ. ಆದರೆ ಅಪ್ಪನದೇ ಹಳೇ ಲೇಖನಗಳ ಪಿಡಿಎಫ್ ಕೊಟ್ಟರೆ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಪರದೆ ಮೇಲೆ ಮಾತ್ರ ಶುದ್ಧ ಕನ್ನಡ!

ಡಿಟಿಪಿ ರಾಯರು: ಇಷ್ಟು ಹೊತ್ತು ದನಿಗೇ ಜಗಳ ಆಡಿದಿರಲ್ಲ, ಮೊದಲು ನೋಡಬೇಕಾದದ್ದು ಇದು. ಆ ಫೈಲು ಹಳೇ ನುಡಿ ಫಾಂಟಿನದು. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ‘ಕನ್ನಡ’ ಅಂತಿರೋದನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ‘ಕ’ ಇದ್ದಲ್ಲಿ ಪಿ, ‘ನ’ ಇದ್ದಲ್ಲಿ ಪೌಂಡಿನ ಚಿಹ್ನೆ, ನಡುನಡುವೆ ತಲೆ ಮೇಲೆ ಗೆರೆ ಇರುವ ಎ. ಪಾಪ ಸಪ್ನಾ ಏನು ಓದಬೇಕು? ಫಾಂಟು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ಹಾಗೆ ಮಾಡಿಕೊಳ್ಳಿ. ನಮ್ಮಲ್ಲಿ ಇನ್ನೂ ಎಷ್ಟೋ ಕಡೆ ಇದೇ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಹಾಕುತ್ತಾರೆ, ಸಿಟ್ಟು ಬರೋದು ಅದಕ್ಕೆ.

ಕಿವಿಯೇ ಕಣ್ಣು: ರಾಯರೇ, ನೂರಕ್ಕೆ ನೂರು. ದನಿ ಎಷ್ಟೇ ಇಂಪಾಗಿರಲಿ, ಆಫೀಸಿಗೆ ಇಂಥ ಫಾಂಟಿನಲ್ಲಿ ಬರುವ ಸುತ್ತೋಲೆಗಳು ನನ್ನ ಪಾಲಿಗೆ ಖಾಲಿ ಹಾಳೆ.

ಕಾರಂಜಿ22: ಇನ್ನು ಕೆಲವು ಸ್ಕ್ಯಾನ್ ಮಾಡಿದ ಪುಟ, ಅವು ಬರೀ ಫೋಟೋ.

ಡಿಟಿಪಿ ರಾಯರು: ಅವಕ್ಕೆ ಓಸಿಆರ್ ಬೇಕು, ಅಂದರೆ ಫೋಟೋದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ತಂತ್ರಾಂಶ. ಟೆಸರಾಕ್ಟ್ ಪುಕ್ಕಟೆ, ಕನ್ನಡ ಬರುತ್ತದೆ. ಪುಟ ಮಸುಕಾಗಿದ್ದರೆ ಒತ್ತಕ್ಷರದಲ್ಲಿ ಎಡವುತ್ತದೆ, ಕೈಯಿಂದ ತಿದ್ದಬೇಕು. ನುಡಿಯಿಂದ ಬದಲಾಯಿಸಿದ ಫೈಲಿನಲ್ಲೂ ‘ಸೂರ್ಯ’, ‘ಧರ್ಮ’ದಂಥ ಅರ್ಕಾವತ್ತಿನ ಪದಗಳನ್ನು ಒಮ್ಮೆ ನೋಡಿಬಿಡಿ. ಅಪ್ಪ ಬರೆದದ್ದು ಅಲ್ವಾ, ತಪ್ಪು ಓದಿದರೆ ಅವರೇ ಹಿಡೀತಾರೆ ಬಿಡಿ.